ಹೊಂದಿಸಿ ಬರೆದರೆ ಸಾಕೇ?

ಹೈಸ್ಕೂಲಿನಲ್ಲಿ ಭೂಗೋಳ ಎಂದರೆ ನನಗೆ ‘ಹೊಂದಿಸಿ ಬರೆಯಿರಿ’ಯ ನಾಲ್ಕು ಅಂಕ. ಬಳ್ಳಾರಿ–ಕಬ್ಬಿಣದ ಅದಿರು, ಕೋಲಾರ–ಚಿನ್ನ. ಆ ಅದಿರು ಎಲ್ಲಿಗೆ ಹೋಯಿತು, ಅಗೆದವರು ಯಾರು, ಅಲ್ಲಿನ ಹೊಲ, ನೀರು ಏನಾದವು ಎಂದು ಒಮ್ಮೆಯೂ ಕೇಳಲಿಲ್ಲ.

ಈಗ ಎಂಜಿನಿಯರಿಂಗ್ ತರಗತಿಯಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯ ಪಾಠ. ಮೊಬೈಲ್ ಬ್ಯಾಟರಿಗಳಲ್ಲಿ ಹೆಚ್ಚಾಗಿ ಬಳಸುವುದು ಲಿಥಿಯಂ ಕೋಬಾಲ್ಟ್ ಆಕ್ಸೈಡ್. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟ್‌ನಲ್ಲಿ ಸುಮಾರು ಶೇ 70ರಷ್ಟು ಆಫ್ರಿಕಾದ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ್ದು. ಅಲ್ಲಿನ ಕೊಲ್ವೆಜಿ ಸುತ್ತಮುತ್ತ ದೊಡ್ಡ ಕಂಪನಿಗಳ ಗಣಿಗಳ ಜತೆಗೇ, ಹಾರೆ–ಗುದ್ದಲಿ ಹಿಡಿದು ಸುರಂಗ ತೋಡುವ ಸಾವಿರಾರು ಬಡವರಿದ್ದಾರೆ. ಅವರಲ್ಲಿ ಮಕ್ಕಳೂ ಇದ್ದಾರೆ ಎಂದು ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2016ರಲ್ಲೇ ವರದಿ ಮಾಡಿತ್ತು. ಅದಿರು ದಲ್ಲಾಳಿಗಳ ಕೈದಾಟಿ, ಹೆಚ್ಚಿನ ಪಾಲು ಚೀನಾದಲ್ಲಿ ಶುದ್ಧೀಕರಣಗೊಳ್ಳುತ್ತದೆ. ಅಷ್ಟರಲ್ಲಿ ಮಗು ಅಗೆದದ್ದು ಯಾವುದು, ಯಂತ್ರ ಅಗೆದದ್ದು ಯಾವುದು ಎಂದು ಹೇಳುವುದೇ ಕಷ್ಟ.

ಹಾಗಾದರೆ ಮೊಬೈಲ್ ಬಿಡಬೇಕೇ? ನಾನಂತೂ ಬಿಡಲಾರೆ. ಎಲ್ಲರೂ ಕೊಳ್ಳುವುದನ್ನೇ ನಿಲ್ಲಿಸಿದರೆ ಮೊದಲು ಅನ್ನ ಕಳೆದುಕೊಳ್ಳುವುದು ಆ ಗುದ್ದಲಿ ಹಿಡಿದವರೇ. ಆದರೆ ಕಳೆದ ವರ್ಷ ಪರದೆಗೆ ಗೀರು ಬಿತ್ತೆಂದು ನಾನು ಫೋನ್ ಬದಲಿಸಿದೆ. ಹಳೆಯದು ಇನ್ನೂ ಮೇಜಿನ ಖಾನೆಯಲ್ಲಿ ಬಿದ್ದಿದೆ. ಹಳೆಯ ಬ್ಯಾಟರಿ ವಾಪಸ್ ಪಡೆಯುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೇ ಹೊರಿಸಿವೆ. ಇದು ನನಗೆ ಗೊತ್ತಾದದ್ದು ಮೊನ್ನೆ ಮೊನ್ನೆ.

ಎಲ್ಲ ಹೊಣೆಯನ್ನೂ ಗ್ರಾಹಕನ ತಲೆಗೆ ಕಟ್ಟುವುದೂ ಸರಿಯಲ್ಲ. ಬಳ್ಳಾರಿಯ ಗಣಿಗಾರಿಕೆಗೆ 2011ರಲ್ಲಿ ತಡೆ ಬಿದ್ದದ್ದು ಸುಪ್ರೀಂ ಕೋರ್ಟ್ ಆದೇಶದಿಂದ. ಅದೇ ವರ್ಷ ಲೋಕಾಯುಕ್ತ ವರದಿ ಅಕ್ರಮದ ಆಳವನ್ನು ಜನರ ಮುಂದಿಟ್ಟಿತು. ಕಾನೂನು ಬೇಕು, ನಿಜ. ಆದರೆ ವಿಷಯ ಗೊತ್ತಿರುವ ಜನರಿದ್ದರೆ ತಾನೇ ಕಾನೂನಿಗಾಗಿ ಒತ್ತಾಯ ಹುಟ್ಟುವುದು?

ಅದಕ್ಕೆ ಹೊಸ ಪಠ್ಯಪುಸ್ತಕವೇನೂ ಬೇಕಿಲ್ಲ. ಪ್ರತಿ ವಿದ್ಯಾರ್ಥಿ ಮನೆಯ ಒಂದು ವಸ್ತುವನ್ನು ಆರಿಸಿಕೊಳ್ಳಲಿ: ಅಂಗಿ, ಚಹಾಪುಡಿ, ಚಾರ್ಜರ್. ಅದು ಎಲ್ಲಿ ಹುಟ್ಟಿತು, ಯಾರ ಕೈ ದಾಟಿತು, ಕೊನೆಗೆ ಯಾವ ಕಸದ ರಾಶಿ ಸೇರುತ್ತದೆ ಎಂದು ಭೂಪಟದಲ್ಲಿ ಗೆರೆ ಎಳೆಯಲಿ. ಸಿಗದ ಉತ್ತರಗಳನ್ನು ಪ್ರಶ್ನೆಯಾಗಿಯೇ ಬರೆದಿಡಲಿ.

ನಾನು ಖಾನೆಯಲ್ಲಿರುವ ಹಳೆಯ ಫೋನಿನಿಂದ ಶುರುಮಾಡುತ್ತಿದ್ದೇನೆ. ನೀವು?