ಹೊತ್ತದ ಕಿಡಿ ಕಲಿಸುವ ಪಾಠ

ಬೆಂಕಿಕಡ್ಡಿ ಗೀರಿದರೆ ಕ್ಷಣದಲ್ಲಿ ಒಲೆ ಹೊತ್ತುತ್ತದೆ. ಆದರೆ ಯಾಗಶಾಲೆಯಲ್ಲಿ ಅರಣಿ ಕಡೆಯುವುದನ್ನು ನೋಡಿದವರಿಗೆ ಗೊತ್ತು, ಮರದಿಂದ ಬೆಂಕಿ ಅಷ್ಟು ಸುಲಭವಾಗಿ ಹುಟ್ಟುವುದಿಲ್ಲ. ಅಶ್ವತ್ಥದ ಹಲಗೆಯ ಗುಳಿಯಲ್ಲಿ ಮರದ ಕಡಗೋಲನ್ನು ನಿಲ್ಲಿಸಿ ಒಬ್ಬರು ಮೇಲಿನಿಂದ ಒತ್ತಿ ಹಿಡಿಯುತ್ತಾರೆ. ಇನ್ನೊಬ್ಬರು ಮಜ್ಜಿಗೆ ಕಡೆದಂತೆ ಹಗ್ಗ ಎಳೆಯುತ್ತಾರೆ. ಎಷ್ಟೋ ಸಲ ಹೊಗೆ ಬರುತ್ತದೆ, ಕಿಡಿ ಬರುವುದಿಲ್ಲ. ಮತ್ತೆ ಕಡೆಯಬೇಕು.

ಸಾಲಿಗ್ರಾಮದಂಥ ಕಡಲ ತಡಿಯ ಊರಿನಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಈ ಕೆಲಸ ಇನ್ನೂ ಕಷ್ಟ. ಒಣಗಿದ ಕಟ್ಟಿಗೆಯೂ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕುದಿಯುವ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಶಾಖ ಬೇಕು. ತೋಳಿನ ಶ್ರಮವೆಲ್ಲ ನೀರನ್ನು ಓಡಿಸುವುದಕ್ಕೇ ಖರ್ಚಾದರೆ ಮರ ಕಾಯುವುದು ಯಾವಾಗ?

ಕಿಡಿ ಹೊತ್ತಲಿಲ್ಲವೆಂದು ಹಲಗೆಯನ್ನು ಎಸೆಯಬಾರದು, ಅದನ್ನು ಓದಬೇಕು. ಗುಳಿ ನುಣುಪಾಗಿ ಹೊಳೆಯುತ್ತಿದೆಯೇ? ಹಾಗಾದರೆ ಕೋಲು ಜಾರಿದೆ, ಒತ್ತಡ ಸಾಲದು. ಪುಡಿ ದಪ್ಪಗೆ, ಕಂದು ಬಣ್ಣದಲ್ಲಿದೆಯೇ? ಒತ್ತಡ ಹೆಚ್ಚಾಯಿತು, ವೇಗ ಕಡಿಮೆಯಾಯಿತು. ಪುಡಿ ನಯವಾಗಿ ಕಪ್ಪಾಗಿದ್ದೂ ಕೆಂಡವಾಗಲಿಲ್ಲವೇ? ಗೆಲುವು ಹತ್ತಿರವೇ ಇದೆ. ಬಿಸಿ ಪುಡಿ ಚೆದುರದೆ ಒಂದೆಡೆ ಕೂಡುವಂತೆ ಗುಳಿಯ ಅಂಚಿನಲ್ಲಿ ಒಂದು ಸೀಳು ಮಾಡಿದರೆ ಸಾಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ, ಕೆಂಡ ಹುಟ್ಟಿದರೂ ಯಾವುದರಿಂದ ಹುಟ್ಟಿತೆಂದು ತಿಳಿಯದು. ಇದು ಪ್ರಯೋಗಶಾಲೆಯ ನಿಯಮವೂ ಹೌದು. (ಮಕ್ಕಳು ಈ ಪ್ರಯೋಗವನ್ನು ಹಿರಿಯರ ಎದುರಿನಲ್ಲಿಯೇ ಮಾಡಬೇಕು.)

ಇದೇ ಸಾಲಿಗ್ರಾಮದಲ್ಲಿ ಬಾಳಿದ ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಹೊರತಂದರು. ಪುತ್ತೂರಿನಲ್ಲಿ ಮಕ್ಕಳ ಶಿಕ್ಷಣದ ಹೊಸ ಪ್ರಯೋಗಗಳನ್ನೂ ನಡೆಸಿದರು. ಪ್ರಯೋಗವೆಂದ ಮೇಲೆ ಸೋಲಿಗೂ ಅಲ್ಲಿ ಜಾಗ ಇರಲೇಬೇಕು.

ಕಡಿಮೆ ಅಂಕ ಬಂದ ಉತ್ತರಪತ್ರಿಕೆಯೂ ಈ ಹಲಗೆಯಂತೆಯೇ. ಅದನ್ನು ಮಗು ಚೀಲದ ತಳದಲ್ಲಿ ಬಚ್ಚಿಡುವುದು ಮನೆಯವರ ಸಿಟ್ಟಿಗೆ ಹೆದರಿ. ಬಚ್ಚಿಟ್ಟ ತಪ್ಪನ್ನು ಯಾರೂ ಓದಲಾರರು, ತಿದ್ದಲಾರರು. ‘ಎಷ್ಟು ಬಂತು?’ ಎಂದು ಗದರಿಸುವ ಬದಲು, ಅಪ್ಪ ಅಮ್ಮ ಪಕ್ಕದಲ್ಲಿ ಕುಳಿತು ‘ಎಲ್ಲಿ ತಪ್ಪಿತು, ನೋಡೋಣ’ ಎನ್ನಲಿ. ಲೆಕ್ಕ ಗೊತ್ತಿರಲಿಲ್ಲವೇ, ಸಮಯ ಸಾಲಲಿಲ್ಲವೇ, ಪ್ರಶ್ನೆಯೇ ಅರ್ಥವಾಗಲಿಲ್ಲವೇ? ಮೂರಕ್ಕೂ ಮದ್ದು ಬೇರೆ ಬೇರೆ.

ಪುಡಿ ಕಪ್ಪಾಗಿರುವಾಗ ಕೋಲನ್ನು ಕೆಳಗಿಡುವುದು ಬೇಡ.