ಹುಳಿಯಾದ ಬೆಟ್ಟದ ನೀರು

ಬೆಟ್ಟದಿಂದ ಇಳಿದು ಬರುವ ನೀರೆಂದರೆ ನಿರ್ಮಲವಾದುದು, ದಾರಿಹೋಕನು ಅಂಜದೆ ಬೊಗಸೆಯೊಡ್ಡಿ ಕುಡಿಯಬಹುದಾದುದು ಎಂಬುದು ಲೋಕದ ನಂಬಿಕೆ. ಮನುಷ್ಯನು ಒಳಹೊಕ್ಕು ಅಗೆದ ಕೆಲವು ಬೆಟ್ಟಗಳ ವಿಷಯದಲ್ಲಿ ಈ ನಂಬಿಕೆ ಸಲ್ಲದು. ಕೆನಡಾ ದೇಶದ ಪಶ್ಚಿಮ ಕರಾವಳಿಯಲ್ಲಿ, ವ್ಯಾಂಕೂವರ್ ನಗರದಿಂದ ಉತ್ತರಕ್ಕೆ ಸುಮಾರು ೫೦ ಕಿಲೋಮೀಟರ್ ದೂರದಲ್ಲಿ, ಬ್ರಿಟಾನಿಯಾ ಬೀಚ್ ಎಂಬ ಸಣ್ಣ ಊರಿದೆ. ಅಲ್ಲಿಯ ಬೆಟ್ಟದ ಒಡಲಿನಿಂದ ಹೊರಡುವ ನೀರನ್ನು ಹಗಲಿರುಳೂ ಶುದ್ಧಿ ಮಾಡಿಯೇ ಸಮುದ್ರಕ್ಕೆ ಬಿಡಬೇಕಾಗಿದೆ. ನೀರನ್ನೇ ತೊಳೆಯುವ ಈ ವಿಚಿತ್ರ ಕಾರ್ಯವನ್ನು ಕಣ್ಣಾರೆ ಕಂಡು ಕಲಿಯಲೆಂದು ವಿದ್ಯಾರ್ಥಿಗಳು ತಂಡ ತಂಡವಾಗಿ ಅಲ್ಲಿಗೆ ಹೋಗುವುದುಂಟು.

ಬ್ರಿಟಾನಿಯಾ ಒಂದು ಕಾಲಕ್ಕೆ ಹೆಸರಾಂತ ತಾಮ್ರದ ಗಣಿ. ೧೯೦೪ರಲ್ಲಿ ಆರಂಭವಾಗಿ ೧೯೭೪ರಲ್ಲಿ ಮುಚ್ಚಿತು. ಆ ಎಪ್ಪತ್ತು ವರ್ಷಗಳಲ್ಲಿ ಬೆಟ್ಟದೊಳಗೆ ೨೦೦ ಕಿಲೋಮೀಟರಿಗೂ ಹೆಚ್ಚು ಉದ್ದದ ಸುರಂಗಗಳನ್ನು ಕೊರೆದರು. ಅದುರನ್ನು ಅರೆದು ಬೇರ್ಪಡಿಸಲು ೧೯೨೩ರಲ್ಲಿ ಬೆಟ್ಟದ ಇಳಿಜಾರಿಗೆ ಒರಗಿಸಿ ಕಟ್ಟಿದ ಬಹು ಅಂತಸ್ತುಗಳ ಕಾರ್ಖಾನೆ ಇಂದಿಗೂ ನಿಂತಿದೆ. ಗಣಿಯು ಈಗ ವಸ್ತುಸಂಗ್ರಹಾಲಯವಾಗಿದೆ. ಈ ಸಂಪತ್ತಿಗಾಗಿ ತೆತ್ತ ಬೆಲೆಯೂ ಸಣ್ಣದಲ್ಲ. ೧೯೧೫ರಲ್ಲಿ ಬೆಟ್ಟ ಜರಿದು ಗಣಿಗಾರರ ಬಿಡಾರವೊಂದು ಮಣ್ಣುಪಾಲಾಯಿತು. ೧೯೨೧ರ ಪ್ರವಾಹ ಕೆಳಗಿನ ಊರನ್ನು ಕೊಚ್ಚಿತು. ಎರಡು ದುರಂತಗಳಲ್ಲಿಯೂ ಹಲವಾರು ಮಂದಿ ಪ್ರಾಣ ಕಳೆದುಕೊಂಡರು. ಅವು ಎಲ್ಲರ ಕಣ್ಣಿಗೆ ಬಿದ್ದ ನಷ್ಟಗಳು. ಕಣ್ಣಿಗೆ ಬೀಳದ ಇನ್ನೊಂದು ನಷ್ಟ ನೀರಿನಲ್ಲಿ ಕರಗಿ ಹರಿಯುತ್ತಲಿತ್ತು.

ಹುಳಿ ಹುಟ್ಟುವ ಬಗೆ

ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಹುಣಿಸೆಯ ರಸವನ್ನು ಇಡಬಾರದೆಂದು ನಮ್ಮ ಮನೆಗಳ ಹಿರಿಯ ಹೆಂಗಸರೆಲ್ಲ ಬಲ್ಲರು. ಹುಳಿಯು ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಕಿಲುಬಿಳಿದ ಆ ಪದಾರ್ಥ ವಿಷವಾಗುತ್ತದೆ. ಬ್ರಿಟಾನಿಯಾ ಬೆಟ್ಟದಲ್ಲಿ ನಡೆಯುವುದೂ ಇದೇ. ಅಲ್ಲಿ ಹುಣಿಸೆಯ ಬದಲು ಗಂಧಕಾಮ್ಲ, ಪಾತ್ರೆಯ ಬದಲು ಇಡಿಯ ಬೆಟ್ಟ.

ತಾಮ್ರದ ಅದುರಿನ ಜೊತೆಯಲ್ಲಿಯೇ ಪೈರೈಟ್ ಎಂಬ ಖನಿಜವಿರುತ್ತದೆ. ನೋಡಲು ಚಿನ್ನದಂತೆ ಹೊಳೆಯುವ ಇದು ಕಬ್ಬಿಣ ಗಂಧಕಗಳ ಕೂಟ. ನೆಲದೊಳಗೆ ಗಾಳಿ ಸೋಕದೆ ಇರುವವರೆಗೆ ಇದರಿಂದ ಬಾಧೆಯಿಲ್ಲ. ಸುರಂಗ ಕೊರೆದಾಗ ಗಾಳಿ ಒಳನುಗ್ಗುತ್ತದೆ, ಬಂಡೆ ಒಡೆದು ಚೂರಾಗುತ್ತದೆ, ಮಳೆ ಹಾಗೂ ಕರಗಿದ ಹಿಮದ ನೀರು ಬಿರುಕುಗಳಲ್ಲಿ ಇಳಿಯುತ್ತದೆ. ಗಾಳಿ, ನೀರು, ಪೈರೈಟ್ ಮೂರೂ ಸೇರಿದಲ್ಲಿ ಗಂಧಕಾಮ್ಲ ಹುಟ್ಟುತ್ತದೆ. ಕಬ್ಬಿಣವನ್ನೇ ಉಂಡು ಬದುಕುವ ಕೆಲವು ಸೂಕ್ಷ್ಮಜೀವಿಗಳು ಈ ಕ್ರಿಯೆಯನ್ನು ಹಲವು ಪಟ್ಟು ಚುರುಕುಗೊಳಿಸುತ್ತವೆ. ಹೀಗೆ ಹುಳಿಯಾದ ನೀರು ತಾಮ್ರ, ಸತು, ಕಬ್ಬಿಣ, ಅಲ್ಯೂಮಿನಿಯಂಗಳನ್ನು ಕರಗಿಸಿಕೊಂಡು ಹೊರಬರುತ್ತದೆ. ಗಣಿಯ ಬಾಗಿಲು ಮುಚ್ಚಿ ಕೂಲಿಗಾರರು ಮನೆಗೆ ಹೋದರೂ ಈ ಕಾರ್ಖಾನೆಗೆ ಬಿಡುವಿಲ್ಲ. ಮಳೆ ಬೀಳುವಷ್ಟು ಕಾಲವೂ ಅದು ನಡೆಯುತ್ತಲೇ ಇರುತ್ತದೆ.

ಮೀನು ಮರೆತ ಹೊಳೆ

ಗಣಿಯ ನೀರು ದಿನವೊಂದಕ್ಕೆ ನೂರಾರು ಕಿಲೋಗ್ರಾಂ ಲೋಹವನ್ನು ಹೌ ಸೌಂಡ್ ಎಂಬ ಸಮುದ್ರದ ತೋಳಿಗೆ ಒಯ್ದು ಸುರಿಯುತ್ತಿತ್ತು. ಸಂಶೋಧಕರು ಸಾಲ್ಮನ್ ಮೀನಿನ ಮರಿಗಳನ್ನು ಪಂಜರದಲ್ಲಿಟ್ಟು ಆ ದಡದ ನೀರಿನಲ್ಲಿ ಇಳಿಬಿಟ್ಟಾಗ ೪೮ ಗಂಟೆಗಳೊಳಗೆ ಅವೆಲ್ಲವೂ ಸತ್ತವು.

ಸಾಲ್ಮನ್‌ನ ಜೀವನಕ್ರಮವನ್ನು ತಿಳಿದರೆ ತಾಮ್ರದ ಕ್ರೌರ್ಯ ಇನ್ನೂ ಸ್ಪಷ್ಟವಾಗುತ್ತದೆ. ಹೊಳೆಯಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡುವ ಕಾಲಕ್ಕೆ ಈ ಮೀನು ಹುಟ್ಟಿದ ಹೊಳೆಯನ್ನೇ ಅರಸಿಕೊಂಡು ಬರುತ್ತದೆ. ತವರಿನ ದಾರಿಯನ್ನು ಅದು ಗುರುತಿಸುವುದು ನೀರಿನ ವಾಸನೆಯಿಂದ. ಲೀಟರೊಂದರಲ್ಲಿ ಗ್ರಾಮಿನ ಲಕ್ಷದಲ್ಲೊಂದು ಪಾಲಿನಷ್ಟು ತಾಮ್ರ ಕರಗಿದ್ದರೂ ಸಾಕು, ಮೀನಿನ ಘ್ರಾಣಶಕ್ತಿ ಕುಂದುತ್ತದೆ. ಕೊಲ್ಲುವ ಪ್ರಮಾಣಕ್ಕಿಂತ ಎಷ್ಟೋ ಕಡಮೆಯಲ್ಲಿಯೇ ತಾಮ್ರವು ಅದಕ್ಕೆ ಮನೆಯ ದಾರಿಯನ್ನು ಮರೆಸುತ್ತದೆ.

ಸುಣ್ಣದ ಉಪಕಾರ

ಇದಕ್ಕೆ ಮದ್ದು ಎಲ್ಲಿಯದು? ವೀಳ್ಯದೆಲೆಗೆ ಹಚ್ಚುವ ಸುಣ್ಣವೇ ಮದ್ದು. ಮೊದಲು, ೨೦೦೧ರಲ್ಲಿ, ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಮೇಲಿನ ಸುರಂಗವೊಂದಕ್ಕೆ ಬಿರಡೆ ಜಡಿದು, ಹೊಳೆಗೆ ನೇರವಾಗಿ ಬೀಳುತ್ತಿದ್ದ ನೀರನ್ನು ತಡೆದರು. ಆಮೇಲೆ ಪ್ರಾಂತ ಸರಕಾರದ ಒಪ್ಪಂದದಂತೆ ಎಪ್‌ಕೋರ್ ಸಂಸ್ಥೆಯು ಶುದ್ಧೀಕರಣ ಸ್ಥಾವರವನ್ನು ಕಟ್ಟಿತು. ೨೦೦೬ರ ಹೊತ್ತಿಗೆ ಅದು ಕೆಲಸ ಮಾಡತೊಡಗಿತ್ತು. ಸ್ಥಾವರಕ್ಕೆ ಬೇರೆ ಕೆರೆ ಬೇಕಾಗಲಿಲ್ಲ. ಟೊಳ್ಳಾದ ಬೆಟ್ಟವೇ ಕೆರೆ. ಹಿಮ ಕರಗುವ ದಿನಗಳಲ್ಲಿ ಹೆಚ್ಚಾದ ನೀರನ್ನು ಹಳೆಯ ಸುರಂಗಗಳಲ್ಲಿಯೇ ನಿಲ್ಲಿಸಿಕೊಂಡು ಹದವರಿತು ಬಿಡುತ್ತಾರೆ.

ಒಳಬಂದ ನೀರಿಗೆ ತೊಟ್ಟಿಯಲ್ಲಿ ಸುಣ್ಣದ ಹಾಲನ್ನು ಸೇರಿಸಿ ಕಲಕುತ್ತಾರೆ. ಅರಿಸಿನದ ನೀರಿಗೆ ಸುಣ್ಣ ಬಿದ್ದೊಡನೆ ಓಕುಳಿಯ ಬಣ್ಣ ಬರುವುದನ್ನು ಯಾರು ಕಂಡಿಲ್ಲ? ಹುಳಿ ಹೋಗಿ ಕ್ಷಾರ ಬಂದಿತೆಂಬುದಕ್ಕೆ ಅದು ಗುರುತು. ಸ್ಥಾವರದಲ್ಲಿ ಅರಿಸಿನದ ಕೆಲಸವನ್ನು ವಿದ್ಯುತ್ ಮಾಪಕಗಳು ಮಾಡುತ್ತವೆ. ಹುಳಿ ಅಳಿದೊಡನೆ ಲೋಹಗಳಿಗೆ ಕರಗಿ ಇರುವ ಶಕ್ತಿ ಇಲ್ಲದಾಗಿ ಅವು ಕಣಗಳಾಗಿ ಒಡೆದು ಕಾಣುತ್ತವೆ. ಹಾಗೆಂದು ಸುಣ್ಣವನ್ನು ಮಿತಿಮೀರಿ ಹಾಕುವಂತಿಲ್ಲ; ಕ್ಷಾರ ಹೆಚ್ಚಾದರೆ ಅಲ್ಯೂಮಿನಿಯಂ ಮತ್ತೆ ಕರಗುತ್ತದೆ. ತಾಂಬೂಲದಂತೆ ಇಲ್ಲಿಯೂ ಹದವೇ ಮುಖ್ಯ.

ಇಲ್ಲಿ ಒಂದು ಜಾಣ್ಮೆಯುಂಟು. ಹಿಂದೆ ಕೆಳಗಿಳಿದ ಗಸಿಯಲ್ಲಿ ಒಂದು ಪಾಲನ್ನು ತಂದು ಹೊಸ ನೀರಿಗೆ ಬೆರೆಸುತ್ತಾರೆ. ಹಾಲಿಗೆ ಹೆಪ್ಪು ಹಾಕಿದಂತೆ ಈ ಹಳೆಯ ಕಣಗಳು ಹೊಸ ಕಣಗಳಿಗೆ ಆಸರೆಯಾಗಿ ಗಸಿ ಗಟ್ಟಿಯಾಗುತ್ತದೆ. ಕದಡಿದ ನೀರಿಗೆ ಚಿಲ್ಲದ ಬೀಜವನ್ನು ತೇಯ್ದು ಹಾಕುತ್ತಿದ್ದ ರೀತಿಯಲ್ಲಿಯೇ ಕಣಗಳನ್ನು ಒಟ್ಟುಗೂಡಿಸುವ ದ್ರವ್ಯವೊಂದನ್ನೂ ಸೇರಿಸುತ್ತಾರೆ. ದೊಡ್ಡ ಕೊಳದಲ್ಲಿ ಗಸಿ ತಳಕ್ಕಿಳಿದು ತಿಳಿನೀರು ಮೇಲೆ ನಿಲ್ಲುತ್ತದೆ. ತಿಳಿನೀರು ಕಡಲಿಗೆ, ಹಿಂಡಿದ ಗಸಿ ಬೆಟ್ಟದ ಮೇಲಿನ ಹಳೆಯ ಗಣಿಗುಂಡಿಗೆ. ವರ್ಷಕ್ಕೆ ಸುಮಾರು ೪೦೦ ಕೋಟಿ ಲೀಟರ್ ನೀರು ಹೀಗೆ ಶುದ್ಧವಾಗುತ್ತದೆ.

ಫಲ ಬೇಗನೆಯೇ ಕಂಡಿತು. ೨೦೧೧ರಲ್ಲಿ ಪಿಂಕ್ ಸಾಲ್ಮನ್ ಮೀನುಗಳು ಬ್ರಿಟಾನಿಯಾ ಹೊಳೆಗೆ ಮರಳಿ ಬಂದವು. ಸುಮಾರು ಒಂದು ಶತಮಾನ ಅವು ಅತ್ತ ಸುಳಿದಿರಲಿಲ್ಲ. ೨೦೨೧ರಲ್ಲಿ ಯುನೆಸ್ಕೋ ಸಂಸ್ಥೆಯು ಹೌ ಸೌಂಡ್ ಪ್ರದೇಶಕ್ಕೆ ಜೀವಗೋಳ ವಲಯವೆಂಬ ಮನ್ನಣೆಯನ್ನಿತ್ತಿತು.

ಮುಗಿಯದ ಲೆಕ್ಕ

ಇಷ್ಟಕ್ಕೆ ಕಥೆ ಸುಖಾಂತವಾಯಿತೆನ್ನುವಂತಿಲ್ಲ. ಗಣಿಯ ಹಿಂದಿನ ಒಡೆತನಕ್ಕೆ ಸಂಬಂಧಿಸಿದ ಕಂಪೆನಿಗಳು ೨೦೦೧ರಲ್ಲಿ ಸರಕಾರಕ್ಕೆ ೩ ಕೋಟಿ ಡಾಲರ್ ತೆತ್ತು ಹೊಣೆಯಿಂದ ಬಿಡುಗಡೆ ಪಡೆದವು. ಹಣಕ್ಕೆ ಕೊನೆಯುಂಟು, ನೀರಿಗೆ ಇಲ್ಲ. ಸುಣ್ಣ ಹಾಕುವುದನ್ನು ನಿಲ್ಲಿಸಿದರೆ ಹೊಳೆಯ ಬಾಯಿಗೆ ಮತ್ತೆ ವಿಷವೇ ಬರುವುದು. ಗಣಿ ಫಲಕೊಟ್ಟದ್ದು ೭೦ ವರ್ಷ. ಶುದ್ಧೀಕರಣ ನಡೆಯಬೇಕಾದುದು ತಲೆಮಾರುಗಳವರೆಗೆ. ಉಂಡವರು ಎದ್ದು ಹೋದ ಮೇಲೆ ಎಲೆ ತೆಗೆಯುವ ಕೆಲಸ ಹುಟ್ಟದ ಮಕ್ಕಳಿಗೆ ಬಿದ್ದಿದೆ.

ಆದುದರಿಂದಲೇ ವಿದ್ಯಾರ್ಥಿಗಳ ಈ ಪ್ರವಾಸ ಬರಿಯ ವಿನೋದವಲ್ಲ. ತೊಟ್ಟಿಯ ಅಂಚಿನಲ್ಲಿ ನಿಂತು ಕಾವಿ ಬಣ್ಣದ ಗಸಿಯನ್ನು ನೋಡುವ ಹುಡುಗ ಹುಡುಗಿಯರೇ ನಾಳೆ ಅದರ ಖರ್ಚನ್ನು ಹೊರುವವರು. ಅವರಲ್ಲಿಯೇ ಕೆಲವರು ಮುಂದೆ ಇನ್ನಾವುದೋ ಬೆಟ್ಟದಲ್ಲಿ ಗಣಿ ತೆರೆಯುವ ಇಂಜಿನಿಯರುಗಳಾಗಬಹುದು, ಅದಕ್ಕೆ ಅನುಮತಿ ಕೊಡುವ ಅಧಿಕಾರಿಗಳಾಗಬಹುದು. ಮನೆಮನೆಯ ವಿದ್ಯುತ್ ತಂತಿಗೆ ತಾಮ್ರ ಬೇಕೇ ಬೇಕು. ಗಣಿಯೇ ಬೇಡವೆನ್ನುವುದು ಸುಲಭವಲ್ಲ. ಆದರೆ ಮೊದಲ ಗುದ್ದಲಿ ಬೀಳುವ ಮುನ್ನವೇ ಕೊನೆಯ ಹನಿ ನೀರಿನ ಲೆಕ್ಕವನ್ನೂ ಬರೆದಿಡಬೇಕೆಂಬ ಪಾಠವನ್ನು ಪುಸ್ತಕಕ್ಕಿಂತ ಚೆನ್ನಾಗಿ ಆ ತೊಟ್ಟಿ ಕಲಿಸುತ್ತದೆ.