ಮಾತು ತಿಳಿಯದವನು ಮಾತು ಕೇಳದವನಲ್ಲ



ಕೆಲವು ವರ್ಷಗಳ ಹಿಂದಿನ ಮಾತು. ನಾವು ಮೂವರು ಶಿಕ್ಷಕರು ತರಬೇತಿ ಮುಗಿಸಿಕೊಂಡು ಅಕ್ಕಲಕೋಟದ ಕಡೆ ಮರಳಲು ಒಂದು ದೊಡ್ಡ ಊರಿನ ರೈಲು ನಿಲ್ದಾಣದಲ್ಲಿ ಕುಳಿತಿದ್ದೆವು. ನಮ್ಮ ಸೀಮೆಯವರೇ ಆದ ಒಬ್ಬ ಮುದುಕರು, ಮಗನ ಮನೆಗೆಂದು ಬಂದವರು, ಚೀಲವೊಂದನ್ನು ತೊಡೆಯ ಮೇಲಿಟ್ಟುಕೊಂಡು ತುಸು ದೂರದಲ್ಲಿ ಕೂತಿದ್ದರು. ಗಸ್ತಿನ ಪೊಲೀಸರು ಬಂದು "ಪಿಶವಿ ಉಘಡಾ" ಎಂದರು. ಚೀಲ ಬಿಚ್ಚಿರಿ ಎಂದರ್ಥ. ಮುದುಕರಿಗೆ 'ಪಿಶವಿ' ತಿಳಿಯಿತು, 'ಉಘಡಾ' ತಿಳಿಯಲಿಲ್ಲ. ಚೀಲ ಕೇಳುತ್ತಿದ್ದಾರೆ ಎಂದುಕೊಂಡು ಅದನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡರು. ಪೊಲೀಸರ ದನಿ ಏರಿತು. ಇವರ ಹಿಡಿತ ಬಿಗಿಯಾಯಿತು. ಲಾಠಿ ಮೇಲೆದ್ದಿತು.

ನಾವು ಓಡಿಹೋಗಿ "ಇವರಿಗೆ ಮರಾಠಿ ಬರೂದಿಲ್ರೀ ಸಾಹೇಬರ" ಎಂದು ಮರಾಠಿಯಲ್ಲಿ ಕೂಗಿದೆವು. ಲಾಠಿ ಕೆಳಗಿಳಿಯಿತು. ಚೀಲದಲ್ಲಿದ್ದದ್ದು ಸಜ್ಜಿ ರೊಟ್ಟಿ ಮತ್ತು ಮೊಮ್ಮಕ್ಕಳಿಗೆಂದು ತಂದ ಶೇಂಗಾ ಹಿಂಡಿ! ಆ ಪೊಲೀಸರು ಕೆಟ್ಟವರೇನಲ್ಲ. ಮುಖ ಸಣ್ಣದು ಮಾಡಿಕೊಂಡು, "ಕಾಕಾ, ಮೊದಲೇ ಹೇಳಬಾರದೇ?" ಎಂದರು.

ಯಾವ ಭಾಷೆಯಲ್ಲಿ ಹೇಳಬೇಕಿತ್ತು?

ಇವತ್ತು ಪೊಲೀಸರ ಕೈಯ ವಿದ್ಯುತ್ ಆಯುಧಗಳ ಬಗ್ಗೆ ಬರೆಯಲು ಹೊರಟಾಗ ನಮಗೆ ಮೊದಲು ನೆನಪಾದದ್ದು ಈ ಪ್ರಸಂಗ. ಟೇಸರ್ ಎಂಬ ಹೆಸರನ್ನು ನೀವು ಕೇಳಿರಬಹುದು. ನೋಡಲು ಪಿಸ್ತೂಲಿನಂತೆಯೇ. ಟ್ರಿಗರ್ ಒತ್ತಿದರೆ ಗುಂಡಿನ ಬದಲು ಎರಡು ಸಣ್ಣ ಮುಳ್ಳುಗಳು ತೆಳುವಾದ ತಂತಿ ಸಮೇತ ಹಾರಿ ಮೈಗೆ ನಾಟುತ್ತವೆ. ಒಮ್ಮೆ ಒತ್ತಿದರೆ ಸಾಮಾನ್ಯವಾಗಿ 5 ಸೆಕೆಂಡು ವಿದ್ಯುತ್ ಹರಿಯುತ್ತದೆ. ಸ್ನಾಯುಗಳು ಸೆಟೆದುಕೊಳ್ಳುತ್ತವೆ, ಮನುಷ್ಯ ಬುಡ ಕಡಿದ ಮರದಂತೆ ಬೀಳುತ್ತಾನೆ. ನಮ್ಮ ದೇಶದಲ್ಲಿ ಸಾಮಾನ್ಯ ಪೇದೆಯ ಕೈಯಲ್ಲಿ ಈಗಲೂ ಲಾಠಿಯೇ ಇದೆ. ಆದರೆ ಹೊರದೇಶದ ಪೊಲೀಸರ ಕೈಗೆ ಬಂದದ್ದು ನಮ್ಮಲ್ಲಿಗೆ ಬರಲು ಬಹಳ ಕಾಲ ಬೇಕಾಗುವುದಿಲ್ಲ. ಆಯುಧ ಬಂದ ಮೇಲೆ ನಿಯಮ ಹುಡುಕುವುದಕ್ಕಿಂತ ಮೊದಲೇ ಯೋಚಿಸುವುದು ಒಳ್ಳೆಯದಲ್ಲವೇ? ಅದಕ್ಕೆ ಕೆನಡಾ ದೇಶದಲ್ಲಿ ನಡೆದ ಒಂದು ಸಾವಿನ ಕಥೆಯನ್ನು ನಾವು, ಅದರಲ್ಲೂ ಗಡಿನಾಡಿನವರು, ತಿಳಿದಿರಬೇಕು.

2007ರ ಅಕ್ಟೋಬರ್ 13. ರಾಬರ್ಟ್ ಜೆಕಾನ್‌ಸ್ಕಿ ಎಂಬ 40 ವರ್ಷದ ಪೋಲೆಂಡಿನ ಮನುಷ್ಯ ವ್ಯಾಂಕೂವರ್ ವಿಮಾನ ನಿಲ್ದಾಣದಲ್ಲಿ ಇಳಿದ. ಕೆನಡಾದಲ್ಲಿ ನೆಲೆಸಿದ್ದ ತಾಯಿಯ ಜೊತೆ ಬಾಳಲು ಬಂದಿದ್ದ. ಅವನಿಗೆ ಬರುತ್ತಿದ್ದದ್ದು ಪೋಲಿಷ್, ಇಂಗ್ಲಿಷ್ ಬರುತ್ತಿರಲಿಲ್ಲ. ಸಾಮಾನು ಬರುವ ಜಾಗದಲ್ಲಿ ಕಾಯಬೇಕೆಂದು ತಾಯಿ ಮಗ ಮಾತಾಡಿಕೊಂಡಿದ್ದರು. ಆದರೆ ಆ ಜಾಗಕ್ಕೆ ಹೊರಗಿನವರನ್ನು ಬಿಡುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಗೋಡೆಯ ಒಳಗೆ ಮಗ, ಹೊರಗೆ ತಾಯಿ. ಗಂಟೆಗಟ್ಟಲೆ ಹೀಗೇ ಕಾದರು. ನಿಮ್ಮ ಮಗ ಇಲ್ಲಿಲ್ಲ ಎಂಬ ಉತ್ತರ ಕೇಳಿ ಕೇಳಿ, ಕೊನೆಗೆ ಆ ತಾಯಿ ರಾತ್ರಿ ತಮ್ಮ ಊರಿಗೆ ಹೊರಟುಹೋದರು.

ನಡುರಾತ್ರಿ ದಾಟಿತು. ಆತ ನಿಲ್ದಾಣಕ್ಕೆ ಬಂದು ಹತ್ತಿರ ಹತ್ತಿರ ಹತ್ತು ಗಂಟೆಯಾಗಿತ್ತು. ದಣಿದಿದ್ದ, ಗಾಬರಿಯಾಗಿದ್ದ, ಕೂಗಾಡಿದ, ಕೈಗೆ ಸಿಕ್ಕ ಸಾಮಾನು ಎಸೆದ. ಅದು ತಪ್ಪೇ. ಆದರೆ ಅಲ್ಲಿದ್ದ ಒಬ್ಬ ಹೆಣ್ಣುಮಗಳು, ಅವನ ಭಾಷೆ ಬಾರದಿದ್ದರೂ, ಮೆಲುದನಿಯಲ್ಲಿ ಕೈಸನ್ನೆ ಮಾಡಿ ಅವನನ್ನು ಸಮಾಧಾನ ಮಾಡಲು ನೋಡಿದಳು. ಆಕೆಯ ಬಳಿ ಆಯುಧವಿರಲಿಲ್ಲ, ತರಬೇತಿಯೂ ಇರಲಿಲ್ಲ.

ನಾಲ್ವರು ಪೊಲೀಸರು ಬಂದರು. ಬಂದು ಅರ್ಧ ನಿಮಿಷದೊಳಗೆ ಟೇಸರ್ ಹಾರಿತು. ಆಗ ಅವನ ಕೈಯಲ್ಲಿದ್ದದ್ದು ಕಾಗದಕ್ಕೆ ಪಿನ್ನು ಹೊಡೆಯುವ ಸ್ಟೇಪ್ಲರ್! ಅವನು ಬಿದ್ದ, ಹೊರಳಾಡಿದ. ಮತ್ತೆ ಹರಿಸಿದರು. ಒಟ್ಟು ಐದು ಸಲ. ಕೆಲವೇ ನಿಮಿಷಗಳಲ್ಲಿ ಜೀವ ಹೋಯಿತು.

ಒಬ್ಬ ಪ್ರಯಾಣಿಕ ಇದನ್ನೆಲ್ಲ ತನ್ನ ಕ್ಯಾಮರಾದಲ್ಲಿ ಹಿಡಿದಿದ್ದ. ಆ ಚಿತ್ರ ಹೊರಬಂದಿದ್ದರಿಂದಲೇ ಸತ್ಯವೂ ಹೊರಬಂತು. ನಿವೃತ್ತ ನ್ಯಾಯಮೂರ್ತಿ ಥಾಮಸ್ ಬ್ರೇಡ್‌ವುಡ್ ಅವರ ವಿಚಾರಣಾ ಆಯೋಗ 2009 ಮತ್ತು 2010ರಲ್ಲಿ ಎರಡು ವರದಿ ಕೊಟ್ಟಿತು. ಪೊಲೀಸರು ಬಂದಾಗ ಆತ ಅವರ ಮಾತಿಗೆ ಎದುರು ನಿಂತಿರಲಿಲ್ಲ, ಸ್ಟೇಪ್ಲರ್ ಝಳಪಿಸಲಿಲ್ಲ, ಅವರತ್ತ ನುಗ್ಗಲಿಲ್ಲ, ಟೇಸರ್ ಬಳಸಿದ್ದು ಸಮರ್ಥನೀಯವಲ್ಲ ಎಂದು ಆಯೋಗ ಹೇಳಿತು. ಮೇಲಿಂದ ಮೇಲೆ ಹರಿಸಿದ ವಿದ್ಯುತ್ತು ಸಾವಿಗೆ ಗಣನೀಯ ಕಾರಣವೆಂದೂ ಹೇಳಿತು. ಮುಂದೆ ನಾಲ್ವರ ಮೇಲೂ ಆಯೋಗದ ಮುಂದೆ ಸುಳ್ಳು ಹೇಳಿದ ಆರೋಪ ಬಂತು. ಇಬ್ಬರು ಖುಲಾಸೆಯಾದರು, ಇಬ್ಬರು 2015ರಲ್ಲಿ ತಪ್ಪಿತಸ್ಥರಾದರು. ಸಾವಿಗಾಗಿ ಮಾತ್ರ ಯಾರಿಗೂ ಶಿಕ್ಷೆಯಾಗಲಿಲ್ಲ.

ಬ್ರೇಡ್‌ವುಡ್ ಅವರು ಟೇಸರನ್ನು ಪೂರ್ತಿ ನಿಷೇಧಿಸಿ ಎನ್ನಲಿಲ್ಲ, ಗಮನಿಸಿ. ಬಿಗಿಯಾದ ನಿಯಮವಿದ್ದರೆ ಆಯುಧ ಇರುವುದೇ ಮೇಲು ಎಂದರು. ನಮಗೂ ಹಾಗೆಯೇ ಅನ್ನಿಸುತ್ತದೆ. ಕೊಡಲಿ ಹಿಡಿದು ಬರುವವನ ಮೇಲೆ ಗುಂಡು ಹಾರಿಸುವ ಬದಲು ಅವನನ್ನು ಕೆಡವಿ ಹಿಡಿಯಬಹುದಾದರೆ ಒಂದು ಜೀವ ಉಳಿಯಿತು. ಪೊಲೀಸರೂ ನಮ್ಮ ಸಾಲಿಯಲ್ಲೇ ಕಲಿತು ಹೋದ ಮಕ್ಕಳು, ಅವರ ಜೀವವೂ ಜೀವವೇ. ಪ್ರಶ್ನೆ ಇರುವುದು ಆಯುಧ ಬೇಕೋ ಬೇಡವೋ ಎಂಬುದಲ್ಲ, ಯಾವಾಗ ಅದನ್ನು ತೆಗೆಯಬಾರದು ಎಂಬುದು. ಮೈಮೇಲೆ ಹಾನಿ ಮಾಡುತ್ತಿರುವವನ ಮೇಲೆ, ಇಲ್ಲವೇ ಈಗಿಂದೀಗಲೇ ಮಾಡುವುದು ಖಚಿತವೆಂದು ನಂಬಲು ಸಕಾರಣವಿರುವವನ ಮೇಲೆ ಮಾತ್ರ ಬಳಸಬೇಕು, ಅದೂ ಕಡಿಮೆ ಬಲದಿಂದಾಗಲಿ ಸಮಾಧಾನದ ಮಾತಿನಿಂದಾಗಲಿ ಆಗದಿದ್ದಾಗ ಎಂಬುದು ಆಯೋಗದ ಶಿಫಾರಸು. ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಸರ್ಕಾರ ಮೊದಲ ವರದಿಯ ಶಿಫಾರಸುಗಳನ್ನು ಒಪ್ಪಿಕೊಂಡಿತು. ಅಲ್ಲಿ ಟೇಸರ್ ಬಳಕೆ ಬಹಳ ಇಳಿಯಿತು. ಪೊಲೀಸರ ಕೈಯಲ್ಲಾದ ಸಾವು ಮತ್ತು ಗಂಭೀರ ಗಾಯಗಳ ತನಿಖೆಗೆ 2012ರಲ್ಲಿ ಸ್ವತಂತ್ರ ಕಚೇರಿಯೂ ಶುರುವಾಯಿತು.

ಇಷ್ಟಾದರೂ ನಾವು ಒಂದು ಮಾತು ಸೇರಿಸಬೇಕು. ನಿಯಮ ಶುರುವಾಗಬೇಕಾದ್ದು ಭಾಷೆಯಿಂದ. "ಮಾತು ಕೇಳಲಿಲ್ಲ, ಅದಕ್ಕೆ ಬಲ ಬಳಸಿದೆವು" ಎಂದು ಪೊಲೀಸರು ಹೇಳಿದಾಗ ಮೊದಲ ಪ್ರಶ್ನೆ ಇದಾಗಬೇಕು: ಆ ಮಾತು ಅವನಿಗೆ ತಿಳಿದಿತ್ತೇ? ವಿಶ್ವಸಂಸ್ಥೆಯ 1990ರ ಮೂಲತತ್ವಗಳು ಬಂದೂಕು ಬಳಸುವ ಮೊದಲು ಸ್ಪಷ್ಟ ಎಚ್ಚರಿಕೆ ಕೊಡಬೇಕು, ಅದನ್ನು ಪಾಲಿಸಲು ಸಮಯ ಕೊಡಬೇಕು ಎನ್ನುತ್ತವೆ. ಸ್ಪಷ್ಟ ಅಂದರೆ ಯಾರಿಗೆ ಸ್ಪಷ್ಟ? ಕೂಗಿದವನಿಗೋ, ಕೇಳಿಸಿಕೊಂಡವನಿಗೋ? ಕಿವುಡರಿದ್ದಾರೆ, ಬುದ್ಧಿ ಅಸ್ವಸ್ಥರಿದ್ದಾರೆ, ಊರು ಬಿಟ್ಟು ದುಡಿಯಲು ಹೋದ ನಮ್ಮಂಥವರಿದ್ದಾರೆ. ಇವರಿಗೆಲ್ಲ ಅದು ಬರೀ ಸದ್ದು.

ನಮ್ಮ ನ್ಯಾಯಾಲಯಕ್ಕೆ ಇದು ಹೊಸ ವಿಚಾರವಲ್ಲ. 1962ರಲ್ಲಿ, ನಮ್ಮ ಮಹಾರಾಷ್ಟ್ರದ್ದೇ ಆದ ಹರಿಕಿಸನ್ ಪ್ರಕರಣದಲ್ಲಿ, ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ಆತ ಹಿಂದಿಯಲ್ಲಿ ಕೊಡಿ ಎಂದು ಕೇಳಿದ್ದ. ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕಾರಣ ಕೊಡದಿದ್ದರೆ ಕೊಟ್ಟಂತೆಯೇ ಅಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿ ಆ ಬಂಧನವನ್ನು ರದ್ದುಮಾಡಿತು. ಕಾಗದಕ್ಕೆ ಈ ನ್ಯಾಯವಾದರೆ ಕರೆಂಟಿಗೆ ಯಾವ ನ್ಯಾಯ?

ಇನ್ನೊಂದು ಸೂಕ್ಷ್ಮವಿದೆ. ವಿದ್ಯುತ್ ಹರಿಯುವಾಗ ಮೈ ಮಾತು ಕೇಳುವುದಿಲ್ಲ. "ಕೈ ಹಿಂದಕ್ಕೆ ತಗೋ" ಎಂದರೆ ಭಾಷೆ ಬಲ್ಲವನೂ ತೆಗೆದುಕೊಳ್ಳಲಾರ. ಅವನ ಒದ್ದಾಟವನ್ನೇ ವಿರೋಧ ಎಂದುಕೊಂಡು ಮತ್ತೆ ಒತ್ತಿದರೆ, ಅದಕ್ಕೆ ಕೊನೆಯೆಲ್ಲಿ? ಆದ್ದರಿಂದ ಒಂದು ಸಲ ಬಳಸಿದ ಮೇಲೆ ನಿಲ್ಲಿಸಿ ನೋಡುವುದು ಕಡ್ಡಾಯವಾಗಬೇಕು. ಎದೆಗೆ ಗುರಿಯಿಡಬಾರದು, ತಯಾರಕ ಕಂಪನಿಯೇ 2009ರಲ್ಲಿ ಎದೆಯ ಭಾಗವನ್ನು ಆದಷ್ಟು ತಪ್ಪಿಸಿ ಎಂದಿತ್ತು. ಪ್ರತಿ ಬಳಕೆಗೂ ಬರಹದ ಲೆಕ್ಕ ಇರಬೇಕು. ಭಾಷೆ ತಿಳಿಯದವನು ಎದುರಾದರೆ ಸುತ್ತಲಿದ್ದವರನ್ನು ಕೇಳುವುದು, ಕೈಸನ್ನೆ ಮಾಡುವುದು, ಫೋನಿನಲ್ಲಿ ಭಾಷೆ ಬಲ್ಲವರನ್ನು ಹಿಡಿಯುವುದು, ಇವೆಲ್ಲ ಆಯುಧಕ್ಕಿಂತ ಮೊದಲಿನ ಮೆಟ್ಟಿಲುಗಳೆಂದು ನಿಯಮದಲ್ಲೇ ಬರೆಯಬೇಕು. ಈಗ ಎಲ್ಲರ ಜೇಬಿನಲ್ಲೂ ಫೋನಿದೆ. ಇದೇನು ಆಗದ ಕೆಲಸವಲ್ಲ.

ಇಷ್ಟು ನಿಯಮ ಹಾಕಿದರೆ ಪೊಲೀಸರ ಕೈ ಕಟ್ಟಿದಂತೆ ಎನ್ನುವವರಿದ್ದಾರೆ. ಅವರಿಗೆ ನಮ್ಮದೇ ತಪ್ಪೊಂದನ್ನು ಹೇಳುತ್ತೇವೆ. ನಾವು ಟಿಸಿಎಚ್ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ತಾಂಡಾದಿಂದ ಬಂದ ಒಂದು ಲಮಾಣಿ ಹುಡುಗ ಒಂದನೇ ಇಯತ್ತೆಗೆ ಸೇರಿದ್ದ. "ಕುಂದರು" ಎಂದರೆ ನಿಂತೇ ಇದ್ದ. ಎರಡು ಸಲ, ಮೂರು ಸಲ ಹೇಳಿದೆವು. ಮೊಂಡ ಎಂದುಕೊಂಡು ಬೆತ್ತದಿಂದ ಹೊಡೆದೆವು. ಆ ಮಗುವಿಗೆ ಕನ್ನಡದ 'ಕುಂದರು' ಗೊತ್ತಿರಲಿಲ್ಲ ಎಂದು ಪಕ್ಕದ ಹುಡುಗಿ ಹೇಳಿದ ಮೇಲೆ ನಮಗೆ ತಿಳಿಯಿತು. ಮನೆಮಾತಿಗಾಗಿ ಸರ್ಕಾರಕ್ಕೆ ಅರ್ಜಿ ಬರೆಯುವ ಕನ್ನಡ ಮಾಸ್ತರರೇ ಇನ್ನೊಬ್ಬರ ಮನೆಮಾತಿಗೆ ಬೆತ್ತ ಎತ್ತಿದ್ದೆವು! ಆ ಹುಡುಗನ ಕಣ್ಣು ಇನ್ನೂ ಮರೆತಿಲ್ಲ.

ಮುಂದೆ ಶಿಕ್ಷಣ ಹಕ್ಕು ಕಾಯ್ದೆ ಬಂದು, 2010ರ ಏಪ್ರಿಲ್‌ನಿಂದ ಮಕ್ಕಳನ್ನು ಹೊಡೆಯುವುದು ಕಾನೂನಿನಲ್ಲೇ ನಿಷೇಧವಾಯಿತು. ಆಗ ನಮ್ಮಲ್ಲೂ ಅನೇಕರು ಗೊಣಗಿದರು, ಇನ್ನು ಮಕ್ಕಳು ಕೈಗೆ ಸಿಗುವುದಿಲ್ಲ ಎಂದರು. ಸಾಲಿ ಮುಳುಗಲಿಲ್ಲ. ಬೆತ್ತ ಮೂಲೆ ಸೇರಿದ ಮೇಲೆ ನಾವು ಮಗುವಿನ ಹತ್ತಿರ ಹೋಗಿ ಮಾತಾಡಿಸಲು ಕಲಿತೆವು. ಲಮಾಣಿಯ ನಾಲ್ಕು ಮಾತನ್ನೂ ಕಲಿತೆವು. ನಿಯಮ ನಮ್ಮ ಕೈ ಕಟ್ಟಲಿಲ್ಲ, ಬಾಯಿ ಬಿಚ್ಚಿಸಿತು.

ಪೊಲೀಸರಿಗೂ ಹಾಗೆಯೇ ಆದೀತು ಎಂಬ ನಂಬಿಕೆ ನಮಗಿದೆ. ರೈಲು ನಿಲ್ದಾಣದ ಆ ಮುದುಕರಿಗೆ ನಾವು ಮೂವರು ಸಿಕ್ಕೆವು. ವ್ಯಾಂಕೂವರಿನಲ್ಲಿ ಆ ಪೋಲೆಂಡಿನವನಿಗೆ ಅವನ ಭಾಷೆಯವರು ಒಬ್ಬರೂ ಸಿಗಲಿಲ್ಲ. ಒಬ್ಬ ಮನುಷ್ಯ ಬದುಕುವುದು, ಪಕ್ಕದಲ್ಲಿ ತನ್ನ ಭಾಷೆಯವರು ಇದ್ದಾರೋ ಇಲ್ಲವೋ ಎಂಬ ಅದೃಷ್ಟದ ಮೇಲೆ ನಿಲ್ಲಬಾರದು. ನಿಯಮ ಬೇಕಾದ್ದು ಅದಕ್ಕೇ.

ನೀವೇನಂತೀರಿ?